ನಿಲ್ಲಬಲ್ಲ ಮೋಟಾರು

ತಾಲಿನ್ ಊರಿನ ಕೊಪ್ಲಿಯಲ್ಲಿ, ಟ್ರಾಮಿನ ಕೊನೆಯ ನಿಲ್ದಾಣದಾಚೆ,
ಹಳೆಯ ಹಡಗುಕಟ್ಟೆಯ ನೆಲಮಾಳಿಗೆಯಲ್ಲಿ
ಗೇಣುದ್ದದ ಒಬ್ಬ ಅಜ್ಜಿ ಏಣಿ ಹತ್ತಬೇಕು.
ಮೈ ತಂತಿ, ಮುಖ ಮರ,
ತಲೆವಸ್ತ್ರ ವಿರ್ವೆಯ ಹರಿದ ಕಾಲುಚೀಲ.
ನಾಲ್ಕೇ ಸೆಕೆಂಡು. ಅಂದರೆ ತೊಂಬತ್ತಾರು ಚಿತ್ರ,
ಅಂದರೆ ನಮಗೆ ಎರಡು ಹಗಲು, ಒಂದು ರಾತ್ರಿ.
ಅಜ್ಜಿಯ ಜೊತೆಗೆ ಕ್ಯಾಮೆರಾನೂ ಏರಬೇಕು,
ಚಿತ್ರಕ್ಕೆ ಒಂದೂವರೆ ಮಿಲಿಮೀಟರ್,
ಹೆಚ್ಚಿಲ್ಲ, ಕಮ್ಮಿಯಿಲ್ಲ.

ಮೂವತ್ತೊಂದು ವರ್ಷ ಆ ಹಿಡಿಕೆ ತಿರುಗಿಸಿದ್ದು ಹೆಲ್ದುರನ ಕೈ.
ಹಿತ್ತಾಳೆ ಗಾಲಿಯ ಮೇಲೆ ಪೆನ್ಸಿಲ್ ಗೀಟು;
ಉಸಿರು ಬಿಗಿಹಿಡಿದು ಒಂದು ಗೀಟು ಮುಂದೆ.
ಹೋದ ಮಾರ್ಚಿನಲ್ಲಿ ಆ ಕೈ ಕೈಕೊಟ್ಟಿತು.
ಚಹಾದ ಲೋಟ ತಟ್ಟೆಯ ಮೇಲೆ ತಾನೇ ಮಾತಾಡತೊಡಗಿತು.
"ಒಂದು ಮೋಟಾರು ನೋಡು" ಅಂದ ನನಗೆ,
ಕಿಟಕಿಯತ್ತ ಮುಖ ಮಾಡಿ,
ಮಗಳಿಗೊಂದು ಗಂಡು ನೋಡು ಅನ್ನುವ ಹಾಗೆ.

ಮೊದಲು ಬಂದದ್ದು ಲಾರಿಯ ಗಾಜೊರಸುವ ಮೋಟಾರು.
ಗಟ್ಟಿಗ. ಪುಕ್ಕಟೆ.
ನಿಲ್ಲು ಅಂದರೆ ಮಾತ್ರ ಇನ್ನೊಂದಿಷ್ಟು ಹೋಗಿ ನಿಲ್ಲುವುದು,
ಹೊರಟೆ ಹೊರಟೆ ಅಂತಲೇ
ಹೊಸ್ತಿಲಲ್ಲಿ ಅರ್ಧ ಗಂಟೆ ಮಾತಾಡುವ ನೆಂಟನಂತೆ.
ಅಜ್ಜಿಗಿಂತ ಮೊದಲೇ ಕ್ಯಾಮೆರಾ ಅಟ್ಟ ಸೇರಿತು.

ಆಮೇಲೆ ಸರ್ವೋ. ಸಾಲ ಮಾಡಿ ತಂದದ್ದು.
ಬೆನ್ನಲ್ಲಿ ಕಣ್ಣುಳ್ಳವನು,
ತಾನೆಲ್ಲಿದ್ದೇನೆಂದು ಸೆಕೆಂಡಿಗೆ ಸಾವಿರ ಸಲ ಕೇಳಿಕೊಳ್ಳುವವನು.
ಓಟದಲ್ಲಿ ಸಾಟಿಯಿಲ್ಲ. ನಿಂತಾಗ ನೋಡಬೇಕು:
ಕೂದಲೆಳೆ ಅತ್ತ, ತಪ್ಪಾಯಿತೆಂದು ಕೂದಲೆಳೆ ಇತ್ತ,
ಗುಂಯ್ಗುಡುವ ಸಣ್ಣ ನಡುಕ.
ಎರಡು ಸಂಜೆ ಸಡಿಲಿಸಿ ನೋಡಿದೆ, ಬಿಗಿ ಮಾಡಿ ನೋಡಿದೆ.
ಹೆಲ್ದುರ್ ಅದರ ದಂಡದ ಮೇಲೆ ಬೆರಳಿಟ್ಟು ಹೇಳಿದ:
"ಇವನನ್ನು ಬಲ್ಲೆ. ಮನೆಯಲ್ಲಾಗಲೇ ಇಂಥವನೊಬ್ಬ ಇದ್ದಾನೆ."
ನಾವ್ಯಾರೂ ನಗಲಿಲ್ಲ.
ವಿರ್ವೆ ನಕ್ಕಳು. ಅವಳು ಅವನ ಹೆಂಡತಿ.

ಕೊನೆಗೆ ಸ್ಟೆಪ್ಪರ್, ಹೆಜ್ಜೆ ಎಣಿಸುವವನು.
ಇನ್ನೂರು ಹೆಜ್ಜೆಗೆ ಒಂದು ಸುತ್ತು,
ತಿರುಪಿನ ಮೇಲೆ ಹೆಜ್ಜೆಗೆ ಮಿಲಿಮೀಟರಿನ ನೂರನೇ ಪಾಲು.
ನೂರೈವತ್ತು ಹೆಜ್ಜೆ, ಆಮೇಲೆ ಬಂಡೆ.
ಕಣ್ಣಿಲ್ಲ, ಎಣಿಕೆಯುಂಟು;
ಜಾರಿದರೆ ಜಾರಿದ್ದು ಅವನಿಗೇ ಗೊತ್ತಾಗದು.
ಇಷ್ಟು ದಿನ ನಾನು ಪಟ್ಟಿಗಳಲ್ಲಿ ಓದಿದ್ದು
ಎಷ್ಟು ವೇಗ, ಎಷ್ಟು ಬಲ.
ಬೇಕಾಗಿದ್ದದ್ದೋ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವಿನ
ಆ ಇಪ್ಪತ್ತು ನಿಮಿಷ,
ವಿರ್ವೆ ಇಕ್ಕಳ ಹಿಡಿದು ಅಜ್ಜಿಯ ಮೊಣಕಾಲು ಬಾಗಿಸುವಷ್ಟು ಹೊತ್ತು
ಕದಲದಿರುವುದು.

ಕದಲದಿರುವುದಕ್ಕೂ ಖರ್ಚಿದೆ; ತಿಳಿದದ್ದು ಮಧ್ಯಾಹ್ನ.
ನಿಂತಲ್ಲೇ ಕರೆಂಟು ಕುಡಿದು ಕುಡಿದು
ಮುಟ್ಟಿದರೆ ಚುರ್ರೆನ್ನುವಷ್ಟು ಕಾದಿತ್ತು.
ಕಾವು ತಿರುಪಿಗಿಳಿಯಿತು, ತಿರುಪು ಹಿಗ್ಗಿತು,
ಅಜ್ಜಿಯ ಮೂಗು ಚಿತ್ರದಿಂದ ಚಿತ್ರಕ್ಕೆ ತೇಲತೊಡಗಿತು.
ಕರೆಂಟು ಅರ್ಧಕ್ಕಿಳಿಸಿದೆ. ಕ್ಯಾಮೆರಾದ ಭಾರಕ್ಕೆ ಸೋತು
ಹೆಜ್ಜೆ ತಪ್ಪಿತು.
ನಲವತ್ತೊಂದನೇ ಚಿತ್ರ. ಮತ್ತೆ ಮೊದಲಿಂದ.
ಇನ್ನೂ ದೊಡ್ಡ ಮೋಟಾರು ಹುಡುಕುತ್ತ
ನಾನು ಪಟ್ಟಿಯೊಳಗೆ ತಲೆ ಹುದುಗಿಸಿದೆ.

ಹೆಲ್ದುರ್ ಕೋಟು ಹಾಕಿಕೊಂಡು ಹೊರಗೆ ಹೋದ.
ಬಂದ, ಹೆಗಲ ತುಂಬ ಹಿಮ, ಬಗಲಲ್ಲಿ
ಮೆಟ್ಟಿಲಿಗೆ ಎರಚುವ ಉಪ್ಪಿನ ಚೀಲ,
ಯಾವುದೋ ದೋಣಿಯಿಂದ ಬಿಚ್ಚಿದ ರಾಟೆ.
"ದೊಡ್ಡ ಎತ್ತು ಯಾಕೆ? ಹೊರೆ ಇಳಿಸು."
ರಾಟೆಯ ಆಚೆ ಉಪ್ಪು, ಈಚೆ ಕ್ಯಾಮೆರಾ.
ಹಿಡಿ ಹಿಡಿಯಾಗಿ ಉಪ್ಪು ಸುರಿದು, ತೆಗೆದು, ಮತ್ತೆ ಸುರಿದು
ಕ್ಯಾಮೆರಾ ಬಿಟ್ಟಲ್ಲೇ ಗಾಳಿಯಲ್ಲಿ ನಿಲ್ಲುವ ತನಕ.
ಗಂಟು ನಾನು ಹಾಕಿದೆ.
ಸರಿಯಿಲ್ಲವೆಂದು ಮೂರು ಸಲ ಬಿಚ್ಚಿಸಿದ.

ತೊಂಬತ್ತಾರು ಮುಗಿದಾಗ ಮೊದಲ ಟ್ರಾಮು ಕಿರುಗುಟ್ಟುತ್ತಿತ್ತು.
ಸ್ವಿಚ್ಚು ಆರಿಸಿ ಹೇಳಿದೆ: ಈಗ ಮುಟ್ಟಬಹುದು.
ಅವನು ಆ ಉಗುರುಬೆಚ್ಚಗಿನ ಮೋಟಾರಿನ ಸುತ್ತ
ಎರಡೂ ಅಂಗೈಯಿಟ್ಟು ಕೂತ,
ಕೋಳಿ ಈಗಷ್ಟೇ ಇಟ್ಟ ಮೊಟ್ಟೆ ಅನ್ನುವ ಹಾಗೆ.
ಕೈ ನಡುಗುತ್ತಲೇ ಇತ್ತು.
ಮೇಲೆ ಅಟ್ಟದ ಅಂಚಿನಲ್ಲಿ
ಒಂದು ಕಾಲು ಎತ್ತಿಕೊಂಡೇ ನಿಂತಿದ್ದಳು ಅಜ್ಜಿ.
ನಾಳೆ ಅವಳು ಇಳಿಯಬೇಕು.